ಕೊಚ್ಚಿದ ಬ್ರಹ್ಮಕಮಲ

ಸರಕಾರಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವ ಕೋಣೆಯ ಮುಂದೆ ಚೀಟಿ ಹಿಡಿದು ಕೂತಿದ್ದ ರಂಶೀನಾಳ ಕಿವಿಯೆಲ್ಲ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿ ರಕ್ತ ಮೆತ್ತಿದ ಸೀರೆಯ ರಾಜೀವಿಯನ್ನು ನೆರೆಮನೆಯ ಪೂಜಾಶ್ರೀ ವಿಚಾರಿಸುತ್ತಿದ್ದಳು.

“ಎಂತಾಯ್ತು ಅಕ್ಕಾ?”

“ಮೈದುನ ಕತ್ತಿ ಹಿಡ್ಕೊಂಡು ಗ್ರೀನ್‌ಹೌಸಿಗೆ ನುಗ್ಗಿದ. ಬ್ರಹ್ಮಕಮಲ ನೋಡ್ಲಿಕ್ಕೆ ಬರುವವರು ಅವನ ಅಂಗಳ ತುಳೀತಾರಂತೆ.”

“ಗಿಡ ಏನಾದ್ರೂ ಉಳಿದುಂಟಾ?”

“ನಲವತ್ತು ಚಟ್ಟಿಯ ಗಿಡವನ್ನೂ ಕೊಚ್ಚಿ ಹಾಕಿದ.”

“ಅಯ್ಯೋ, ಹನ್ನೆರಡು ವರ್ಷ ಸಾಕಿದ್ದಲ್ವಾ!”

“ಎಂತ ಅಯ್ಯೋ? ಅದರ ಎಲೆಯ ತುಂಡು ನೆಟ್ಟರೂ ಬೇರು ಬಿಡ್ತದೆ. ಒಂದನ್ನು ಹತ್ತು ಮಾಡಿ ಕೊಟ್ಟಿದ್ದಾನೆ, ಮೂರ್ಖ.”

“ಮತ್ತೆ ಈ ರಕ್ತ?”

“ನನ್ನದಲ್ಲ. ಕತ್ತಿ ಕಸ್ಕೊಂಡೆ. ಆಮೇಲೆ ಅವನನ್ನು ಆಟೋದಲ್ಲಿ ಹಾಕಿ ತಂದದ್ದೂ ನಾನೇ.”

ಒಳಗಿನಿಂದ ಗಂಡಸೊಬ್ಬ ಕಿರುಚಿದ. ರಾಜೀವಿ ಎದ್ದು ಸೆರಗು ಕೊಡವಿದಳು.

“ಎರಡು ಬೆರಳು ಹೋಯ್ತು. ಅದನ್ನೂ ನೆಟ್ಟು ನೋಡ್ಲಿ,” ಎನ್ನುತ್ತ ಗೇಟಿನತ್ತ ನಡೆದಳು.