ಕರೆಂಟ್ ಹೋದ ಮಧ್ಯಾಹ್ನ

...ಹಂಗಲ್ಲಲೇ ಎಲ್ವಿನ್, ಮೂರನೇ ಲೋಕಕ್ಕ ಮಾತ್ರ ಕೈ ಹಚ್ಚಬ್ಯಾಡ! ಉಳಿದದ್ದು ಯಾವುದರ ಮುಚ್ಚು. ಮೊದಲನೇದು ಮುಚ್ಚು, ಎರಡನೇದು ಮುಚ್ಚು... ನನಗೇನ? ನಾ ಆಟ ನಡಸಾಂವ. ನನಗ ಮೂರೂ ಒಂದ.

ಯಾಕ ನಗತಿ?

ನಗಬ್ಯಾಡ. ಕಪಿಲ, ಚಿನ್ಮಯೀ ಚಹಾ ತಗೊಂಡು ಮಾಳಿಗಿ ಹತ್ತೂದ್ರೊಳಗ ಇದು ಮುಗೀಬೇಕು. ಅವರಿಬ್ಬರದೂ ಹೇಳಿ ಆಗೇತಿ. ಅಂವಾ ಎರಡನೇದು ಮುಚ್ಚಂದ, ಆಕಿ ಮೂರನೇದು ಮುಚ್ಚಂದ್ಲು. ಉಳಿದಾಂವ ನೀ ಒಬ್ಬನ. ಆಟದಾಗ ಲೋಕ ಲೋಕ ಕೂಡಸೂ ಸೇತುವಿ ಬಿರುಕು ಬಿಟ್ಟೈತಿ, ಮೂರರ ಭಾರ ಹೊರೂದಿಲ್ಲ. ಒಂದು ಹೋಗಬೇಕು. ಹೋದದ್ದು ಮತ್ತ ಬರೂದಿಲ್ಲ. ಮುಚ್ಚಿದ ಲೋಕದ ನಕಾಶಿ ನಾನ, ನನ್ನ ಎರಡೂ ಕೈಲೆ, ನಿಮ್ಮ ಕಣ್ಣ ಮುಂದ ಹರೀಬೇಕು. ಕಟ್ಟಿದಾಂವ ತಾನ ಕೆಡವಬೇಕು. ಯಾರ ನಿಯಮ ಅದು? ನಂದ! ಹ್ವಾದ ವರ್ಷ ನೀರಿಲ್ಲದ ಲೋಕ ಪರ್ರ್ ಅಂತ ಹರದಾಗ ಮೂರೂ ಮಂದಿ ಎದ್ದು ನಿಂತಿದ್ರಿ, ನೆನಪೈತೇನು? ಚಿನ್ಮಯೀ ಕಣ್ಣಾಗ ನೀರು!

ಇಡೀ ಧಾರವಾಡದಾಗ ಇಂಥಾ ಆಟ ಯಾರರ ನಡಸ್ತಾರೇನಲೇ? ಉಳಿದವರು ರಾಕ್ಷಸರನ್ನ ತರ್ತಾರ, ಕೋಟಿ ಕೊತ್ತಲ ತರ್ತಾರ, ಬೆಂಕಿ ಉಗಳೋ ಹಾವು ತರ್ತಾರ. ನಿಮ್ಮ ಈ ಹೆಬ್ಬಳ್ಳಿ ಗುರುಶಿದ್ದಪ್ಪ ಏನ ತಂದ? ಬರೇ ಒಂದ ಸಣ್ಣ ಸಂಗತಿ ಆ ಕಡೆ ಈ ಕಡೆ ಮಾಡಿದ, ಜಗತ್ತನ್ನ ಮಗ್ಗಲಾ ಬದಲಿಸಿ ಮಲಗಿಸಿದ! ಹುಬ್ಬಳ್ಳಿಗೆ ರೈಲ್ವೆ ಬರಲೇ ಇಲ್ಲ ಅಂದೆ, ಮೊದಲನೇ ಲೋಕ ಆತು. ಧಾರವಾಡದಾಗ ಯಾರೂ ಮಾತಾಡೂಹಂಗಿಲ್ಲ, ಹಾಡೇ ಹೇಳಬೇಕು ಅಂದೆ, ಎರಡನೇದಾತು. ಬದನಿಕಾಯಿ ಚೌಕಾಶಿಗೂ ಆಲಾಪ! ದಾಳ ಉರುಳಸೂದು ಬಿಟ್ಟು ಹೊಟ್ಟಿ ಹಿಡಕೊಂಡು ನಕ್ಕಿರಿಲ್ಲೋ?

ಏನಂದಿ? ಮೂರನೇದರಾಗ ಏನೂ ಇಲ್ಲಾ?

ಏನೂ ಇಲ್ಲಾ ಅಂದ್ರ... ಲೇ, ಎಲ್ಲಾ ಐತಿ ಅದರಾಗ! ನೀವು ಕಿವಿಗೊಟ್ಟು ಕೇಳೂದಿಲ್ಲ. ಮತ್ತೊಮ್ಮೆ ಹೇಳತೇನಿ, ಕೇಳು. ತಾರಿಹಾಳ ಇಂಡಸ್ಟ್ರಿಯಲ್ ಏರಿಯಾ. ಮಧ್ಯಾಹ್ನ. ತಗಡಿನ ಶೆಡ್ಡು, ಒಳಗ ಬೆಂಕಿ ಬೆಂಕಿ ಸೆಕಿ. ಒಬ್ಬಾಂವ ಹೈಡ್ರಾಲಿಕ್ ಪ್ರೆಸ್ಸಿನ ಮುಂದ ನಿಂತಾನ. ತಗಡು ಇಡತಾನ, ಕೈ ತಗೀತಾನ, ಮ್ಯಾಲಿಂದ ಧಡ್. ಇಡು, ತಗಿ, ಧಡ್. ಇಡು, ತಗಿ, ಧಡ್. ಅವನಷ್ಟು ಲಗೂ ಮಾಡಾವರು ಆ ಶೆಡ್ಡಿನಾಗ ಯಾರೂ ಇಲ್ಲ, ಅದು ಮಾತ್ರ ಖರೇ. ಒಂದ ಸಲ ತಗಡು ಸಿಕ್ಕೊಂತೈತಿ. ಸರಿಸಬೇಕಂತ ಕೈ ಒಳಗ ಹಾಕತಾನ...

ಅಷ್ಟರಾಗ ಕರೆಂಟ್ ಹೋಗತೈತಿ.

ಅಷ್ಟ! ಅಷ್ಟ ಬದಲಾವಣಿ! ಪ್ರೆಸ್ಸು ನಡಕ ನಿಂದರತೈತಿ. ಅಂವಾ ಕರೆಂಟಿನವರ ಅಜ್ಜ ಮುತ್ತಜ್ಜನ್ನ ಎಲ್ಲಾ ಬೈಕೋತ ಹೊರಗ ಬರತಾನ, ಬೇವಿನ ಗಿಡದ ಕೆಳಗ ನಿಂತು, ಎರಡೂ ಬೊಗಸಿ ತುಂಬ ನೀರು ತಗೊಂಡು ಮಾರಿ ತೊಳಕೊಂತಾನ. ಹೆಂಗೈತಿ?

ಯಾರಂದ್ರ? ಯಾರೋ ಒಬ್ಬಾಂವ. ಅವಂಗ ಹೆಸರಿಟ್ಟಿಲ್ಲ. ಎಲ್ಲಾರಿಗೂ ಹೆಸರಿಡಾಕ ನಾ ಏನ್ ಸೋದರತ್ತಿನ?

ಆ ಪ್ಲೇಟ್ ನನ್ನ ಕಡೆ ದೂಡಬ್ಯಾಡ. ನಿಮ್ಮವ್ವ ರೂತ್ ಆಂಟಿ ಕೈಯಂದು ಅಂತ ನನಗೂ ಗೊತ್ತೈತಿ. ಚುರಮುರಿ ಗಿರಮಿಟ್ಟು ಬ್ಯಾಡ ನನಗ, ಹೊಟ್ಟಿ ತುಂಬೇತಿ. ಹೌದೋ ಮಾರಾಯಾ, ನಾ ಎರಡೆರಡು ಪ್ಲೇಟ್ ತಿನ್ನಾಂವನ! ಇವತ್ತ ತಿನ್ನೂದಿಲ್ಲ! ಉಪವಾಸ! ...ಹೊಟ್ಟಿ ತುಂಬಿದ ಉಪವಾಸ, ಏನೀಗ?

ನಕಾಶಿ ಯಾಕ ಹಂಗ ನೋಡತಿ? ಮೊದಲಿನವೆರಡು ನೆಟ್ಟಗ ಅದಾವ, ಇದರ ಗೆರಿ ಸೊಟ್ಟ ಆಗ್ಯಾವ... ಆಗೇ ಆಗತಾವ. ಆ ಲೋಕದಾಗ ಭೂಕಂಪ ಆಗಾಕತ್ತೈತಿ. ಮೊದಲ ಹೇಳಲಿಲ್ಲಾ? ಈಗ ಹೇಳಿದ್ನೆಲ್ಲ! ದಾಳಾನೂ ಎಡಗೈಲೆ ಒಗದೆ. ಹೌದು. ಅಲ್ಲಿ ಎಲ್ಲಾ ಎಡಗೈ. ನಿಯಮ! ಜಾಕೀಟು ಯಾಕಂದ್ರ ಥಂಡಿ ಆಗೇತಿ. ಯುಗಾದಿ ಮುಗದ್ರ ಮನಶ್ಯಾಗ ಥಂಡಿ ಆಗಬಾರದೇನು? ಹ್ವಾದ ಐತವಾರ ಬರಲಿಲ್ಲ, ಯಾಕಂದ್ರ ಅಕ್ಕನ ಮನಿ ವಾಸ್ತು ಇತ್ತು. ಫೋಟೋ? ಫೋಟೋ ತಗೀಲಿಲ್ಲ. ಏನ್ ನೀ, ಪೊಲೀಸ ಆಗೀಯೇನು?

ಮತ ಹಾಕು. ಲಗೂ ಹಾಕು.

...

ಮೂರನೇದಾ?

ಖರೇನಾ? ಇನ್ನೊಮ್ಮೆ ವಿಚಾರ ಮಾಡು ಬೇಕಾರ. ಅಲ್ಲಾ, ನನಗೇನ... ಆತು. ಛಲೋ ಆತು. ಚಿನ್ಮಯೀ ಗೆದ್ಲು. ಇರಲಿ ಬಿಡು ಇಲ್ಲೇ, ಆಮ್ಯಾಲ ಹರೀತೇನಿ.

ನನ್ನ ಮುಂದ ಯಾಕ ಇಡತಿ? ನೀನ ಹರಿ. ಇವತ್ತ ನಿನಗ ಆ ಮಾನ ಕೊಟ್ಟೆ, ಹರಿ. ನಿಯಮ ಮಾಡಿದಾಂವ ನಾನ, ಮುರಿಯಾಂವನೂ ನಾನ!



ಎಲ್ವಿನ್... ನಗರ ನಗಪಾ. ಆಗಿಂದ ನಗಾಕತ್ತಿದ್ದಿ, ಈಗೇನಾತು?

ನನ್ನ ಕಿಸೆ ನೋಡಬ್ಯಾಡ.

...ಯಾವಾಗ ತಿಳೀತು ನಿನಗ? ನಕಾಶಿಗೋ, ಗಿರಮಿಟ್ಟಿಗೋ? ಹೇಳೂದಿಲ್ಲಾ. ಹಂಗಾರ ಬಿಡು. ಬಾಗಲಾ ಸ್ವಲ್ಪ ಮುಂದ ಮಾಡು, ಅವರು ಮ್ಯಾಲ ಬಂದ್ರ...

ನೋಡು. ನೋಡಕೋ. ಎರಡ. ಬಲಗೈ ತೋರಬೆರಳು, ಅದರ ಬಾಜೂದ್ದು. ಪಟ್ಟಿ ದಪ್ಪ ಕಟ್ಟ್ಯಾರಂತ ಭಾಳ ಕಾಣತೈತಿ, ಒಳಗ ಅಷ್ಟೇನ ಇಲ್ಲ... ಒಳಗ ಏನೂ ಇಲ್ಲ.

ಅವ್ವಗ ಹೇಳಿಲ್ಲ. ಊರಿಗೇ ಹೋಗಿಲ್ಲ. ನನ್ನ ಮಗಾ ಪ್ರೆಸ್ ಆಪರೇಟರ್ ಅಂತ ಓಣಿ ತುಂಬ ಹೇಳ್ಕೊಂಡು ತಿರಗತಾಳ, ಯಾವ ಮಾರಿ ಹೊತ್ತು ಹೋಗ್ಲಿ? ನಿಮಗೂ ಹೇಳಬಾರದಂತಿದ್ದೆ. ನಾ ಹೆಬ್ಬಳ್ಳಿಯಿಂದ ಬಂದಾಂವ, ನಿಮ್ಮ ನಡಕ ಈ ಕೈಯಿಂದನ ಕುಂತೇನಿ. ಗೆರಿ ನೆಟ್ಟಗ ಬರಲಿಲ್ಲಂದ್ರ ನನ್ನ ಮಾತು ಯಾರು ಕೇಳ್ತಾರ?

ನಿನಗೊಂದು ಹೇಳಲಾ? ದವಾಖಾನ್ಯಾಗ ಮಲಗಿಸಿದ್ರಲ್ಲ, ಮ್ಯಾಲ ಫ್ಯಾನು ತಿರಗಾಕತ್ತಿತ್ತು. ಗರಗರ ಗರಗರ. ಅದನ್ನ ನೋಡಕೋತ ಮಲಗಿದ್ದೆ. ಹೊತ್ತಿಲ್ಲ ಗೊತ್ತಿಲ್ಲ ಹೋಗೂ ಕರೆಂಟಲೇ ನಮ್ಮದು! ಉಣ್ಣಾಕ ಕುಂತಾಗ ಹೋಗತೈತಿ, ಎಣ್ಣಿ ಹಚ್ಚಿ ಜಳಕಕ್ಕ ನಿಂತಾಗ ಹೋಗತೈತಿ... ಅವತ್ತ ಹೋಗಲಿಲ್ಲ. ಇಡೀ ಊರಾಗ ಎಲ್ಲೂ ಹೋಗಲಿಲ್ಲ.

ಹೂಂ. ಕೇಳಿತು. ಕಪ್ಪು ಬಸಿ ಸಪ್ಪಳ. ಮೆಟ್ಟಲ ಹತ್ತಾಕತ್ತಾರ.

ಬರ್ಲಿ. ಇಲ್ಲ, ಕಿಸೆದಾಗ ಇಟ್ಕೊಳ್ಳೂದಿಲ್ಲ ಇನ್ನ. ನಿಯಮ ಅಂದ್ರ ನಿಯಮ. ನಕಾಶಿ ಹರಿಯಾಕ ಎರಡ ಕೈ ಬೇಕಿಲ್ಲೋ? ಆ ತುದಿ ನೀ ಹಿಡಿ, ಈ ತುದಿ ನಾ ಹಿಡಿತೇನಿ. ನಿಂದೊಂದು, ನಂದೊಂದು. ಗಟ್ಟಿ ಹಿಡಿ...

ತಡಿ.

ಜಗ್ಗಬ್ಯಾಡಲೇ ಇನ್ನೂ. ಬೇವಿನ ಗಿಡದ ಕೆಳಗ ಅಂವಾ ಮಾರಿ ತೊಳಕೊಳ್ಳಾಕತ್ತಾನ.