ಫಿರಂಗಿಗೆ ಅಡೆ ಕೊಡುತ್ತಿದ್ದ ಬಾರ್ತೊಲೊ

ಪೂಜ್ಯ ಪಾದ್ರಿಗಳೇ, ಲೆಫ್ಟಿನೆಂಟ್ ಸಾಹೇಬರೇ, ನಮ್ಮ ಬಾರ್ತೊಲೊನನ್ನು ಕಳೆದುಕೊಂಡ ಪಾಲ್ಮೀರಾ ಅತ್ತಿಗೆ, ಈ ಮಂಜಿನಲ್ಲೂ ಬೆಟ್ಟ ಹತ್ತಿ ಬಂದಿರುವ ಕಾರ್ನಿಯಾದ ಬಂಧುಗಳೇ — ಎವಾರಿಸ್ತೊನ ನಮಸ್ಕಾರ. ನನಗೆ ಭಾಷಣ ಬರುವುದಿಲ್ಲ. ಫಿರಂಗಿ ಎಳೆಯುವ ಗಾಡಿ ಓಡಿಸಲು ಬರುತ್ತದೆ. ಅದೂ ಹಿಂದೆ ಬಾರ್ತೊಲೊ ಇದ್ದರೆ.

ದೊಡ್ಡ ಯುದ್ಧದಲ್ಲಿ ಇದೇ ಘಾಟಿಗೆ ಹೇಸರಗತ್ತೆ ಕಟ್ಟಿ ಫಿರಂಗಿ ಹತ್ತಿಸಿದವನು ಅವನು. ನಮ್ಮ ಇಟಲಿಯ ಸೇನೆಗೆ ಈ ಮೋಟಾರು ಗಾಡಿ ಬಂದ ದಿನ, ಜೇಬಿನಲ್ಲಿದ್ದ ಮೆಕ್ಕೆಜೋಳದ ಮುದ್ದೆ, ಆ ತಣ್ಣನೆ ಪೊಲೆಂಟಾದ ತುಂಡು ಕಚ್ಚುತ್ತ ಅದನ್ನೊಂದು ಸುತ್ತು ಹಾಕಿದ. "ಲೋ ಎವಾರಿಸ್ತೊ, ಹೇಸರಗತ್ತೆ ಆದ್ರೆ ಬೀಳೋಕ್ ಮುಂಚೆ ಒಂದ್ಸಲ ತಿರುಗಿ ನೋಡುತ್ತೆ. ಈ ಮುಂಡೇದು ನೋಡುತ್ತೇನೋ?" ಅಂದ.

ಎಲ್ಲಿ ನೋಡುತ್ತದೆ! ಫಿರಂಗಿ, ಅದರ ಮೇಲೆ ಟಾರ್ಪಾಲು — ಓಡಿಸುವವನಿಗೇ ಹಿಂದಿನದೇನೂ ಕಾಣದು. ಅದಕ್ಕೇ ನಮ್ಮ ಪದ್ಧತಿ. ಏರಿನಲ್ಲಿ ಗಾಡಿ ನಿಂತರೆ, ಹಿಂದೆ ನಡೆದು ಬರುವವನು ಫಿರಂಗಿಯ ಚಕ್ರಕ್ಕೆ ಮರದ ಅಡೆ ಕೊಟ್ಟು ಕಬ್ಬಿಣಕ್ಕೆ ಎರಡು ಬಡಿಯಬೇಕು — ಭದ್ರವಾಗಿದೆ, ಬ್ರೇಕಿನಿಂದ ಕಾಲು ತೆಗೆ. ಹೊರಡುವಾಗ ಅಡೆ ಎಳೆದು, ಬದಿಗೆ ಸರಿದು, ಒಂದೇ ಬಡಿತ — ನಾನು ಹಿಂದಿಲ್ಲ, ನಡೆ. ಆ ಒಂದು ಬರದೆ ಗಾಡಿ ಅಲ್ಲಾಡಿಸಿದವನು ಚಾಲಕನಲ್ಲ, ಕೊಲೆಗಾರ.

ಮೊನ್ನೆ ಹಾಳು ಮಂಜು. ಬೇರೆ ಗಾಡಿಗಳು ಆಗಲೇ ಮೇಲೆ ಸೇರಿದ್ದವು, ಉಳಿದವರು ನಾವಿಬ್ಬರೇ. ಮಾತೆ ಮರಿಯಳ ಗುಡಿಯ ಏರಿನಲ್ಲಿ ಎಂಜಿನ್ ಆರಿಹೋಯಿತು. ಬ್ರೇಕು ಒತ್ತಿದೆ. ಜಾರಿತು — ಇನ್ನೂ ಜಾರಿತು — ಹೆತ್ತ ತಾಯಿಯನ್ನು ಕೂಗಿಕೊಂಡೆ. ಗಕ್ಕನೆ ನಿಂತಿತು. ಹಿಂದಿನಿಂದ ಬಡಿತ — ಒಂದು — ಎರಡು. ಕಾಲು ತೆಗೆದೆ. ಗಾಡಿ ನಿಂತೇ ಇತ್ತು.

ಇಳಿದು ಹಿಂದೆ ಹೋದೆ. ಅವನೇ ಕೆತ್ತಿದ ಅಡೆ ಚಕ್ರದ ಕೆಳಗಿತ್ತು. ಅವನಿರಲಿಲ್ಲ. "ಉಚ್ಚೆ ಹೊಯ್ಯೋಕೆ ಇದೇ ಹೊತ್ತು ಸಿಕ್ತೇನಯ್ಯಾ?" ಅಂತ ಕೂಗಿದೆ. ಪಾದ್ರಿಗಳು ಕ್ಷಮಿಸಬೇಕು. ಓಗೊಟ್ಟವರು ಕೆಳಗಿದ್ದ ಮರ ಕಡಿಯುವವರು. ನಾವು ಯಾವಾಗಲೋ ದಾಟಿದ್ದ ತಿರುವಿನಲ್ಲಿ ರಸ್ತೆಯಂಚು ಕುಸಿದು ಅವನು ಬಿದ್ದಿದ್ದ. "ನಿನ್ ಗಾಡಿ ಸದ್ದು ಇನ್ನೂ ಇಲ್ಲೇ ಇತ್ತು ಕಣಯ್ಯಾ, ಆಗ್ಲೇ ಬಿದ್ದ. ಬಿದ್ದೋನು ಮತ್ತೆ ಉಸಿರಾಡ್ಲಿಲ್ಲ" ಅಂದರು. ಮುಟ್ಟಿದೆ. ಮೈ ತಣ್ಣಗೆ ಕೊರೆಯುತ್ತಿತ್ತು.

ಸಾಹೇಬರೇ, ಗಾಡಿ ದಾರಿಗಡ್ಡ ನಿಂತಿದೆ, ನಾಳೆ ಬೆಳಿಗ್ಗೆ ತೆಗೆಯಲೇಬೇಕು ಅಂದಿರಿ. ನಿಮ್ಮ ಅಪ್ಪಣೆ ತಲೆಯ ಮೇಲೆ. ಆದರೆ ಎರಡು ಬಡಿದವನು ಆ ಒಂದು ಬಡಿದಿಲ್ಲ. ಅವನು ಚಕ್ರದ ಹಿಂದೆಯೇ ಇದ್ದಾನೆ ಅಂತ ನನಗೆ ಭಯ. ಅವನ ಮೇಲೆ ಹೇಗೆ ಗಾಡಿ ಬಿಡಲಿ?

ಇವತ್ತು ಮಣ್ಣು ಹಾಕಿ ಬಂದ ಮೇಲೆ ಅತ್ತಿಗೆ ಕರೆದರು. "ಅಡೆ ನಾನೇ ಎಳೀತೀನಿ ಎವಾರಿಸ್ತೊ. ಆ ಒಂದೇಟು ನಾನೇ ಹೊಡೀತೀನಿ. ಎಷ್ಟು ದಿನಾಂತ ನಿಂತಿರ್ತಾರೆ ಪಾಪ, ಕಾಲು ನೋಯಲ್ವಾ?"

"ನೀವು ಒಂದು ಹೊಡೆದ ಮೇಲೆ ಇನ್ನೊಂದು ಕೇಳಿಸಿ ಎರಡಾದ್ರೆ ಅತ್ತಿಗೆ?" ಅಂದೆ.

"ಕೇಳಿಸಿದ್ರೆ ನೀನು ಇಳಿದು ಮನೆಗೆ ಹೋಗಪ್ಪ. ನನ್ನ ಕರೀಬೇಡ" ಅಂದರು.

ಬಂಧುಗಳೇ, ಎಲ್ಲರೂ ಏಳೋಣ. ಬೆಂಚು ಸದ್ದಾಗದ ಹಾಗೆ, ಮೆಲ್ಲಗೆ. ಮೌನವಾಗಿ ನಿಂತು ಅವನನ್ನು ಇಷ್ಟೇ ಬೇಡಿಕೊಳ್ಳೋಣ — ಬಾರ್ತೊಲೊ, ನಾಳೆ ನಿನ್ನ ಹೆಂಡತಿಯನ್ನು ನಮಗೆ ತಿರುಗಿ ಕಳಿಸಿಕೊಡು.