ದಾರ ಪೋಣಿಸಿಟ್ಟ ಸೂಜಿಗಳು

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಟೈಲರ್, ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಜೊತೆಯಲ್ಲಿ ಅವನ ನಾದಿನಿ. ಅವನ ರಿಪೋರ್ಟನ್ನು ಅವಳು ಎರಡನೇ ಸಲ ಓದುತ್ತಿದ್ದಳು.

"ಲಿವರ್ ಪೂರ್ತಿ ಸರಿಹೋಗಿದೆಯಂತೆ ಭಾವ. ಹಾಗಾದ್ರೆ ನಿಜವಾಗ್ಲೂ ಬಿಟ್ಟಿದ್ರಾ?"

"ಏಳು ವರ್ಷ ಆಯ್ತಲ್ಲೇ. ಒಂದು ತೊಟ್ಟೂ ಮುಟ್ಟಿಲ್ಲ."

"ಮತ್ತೆ ಕೈ ನಡುಕ?"

"ಅದು ಬಿಟ್ಟ ವರ್ಷಾನೇ ನಿಂತೋಯ್ತು."

"ಸುಮ್ನಿರಿ. ಅಕ್ಕ ಹಾಸಿಗೆ ಹಿಡಿಯೋವರೆಗೂ ದಿನಾ ಅಂಗಡಿಗೆ ಬಂದು ನಿಮ್ಮ ಸೂಜಿಗೆಲ್ಲ ದಾರ ಪೋಣಿಸಿಟ್ಟು ಹೋಗ್ತಿದ್ಲು."

ಟೈಲರ್ ಸ್ವಲ್ಪ ನಾಚಿಕೊಂಡ.

"ಬೇಕಂತಲೇ ನಡುಗಿಸ್ತಿದ್ದೆ ಕಣೇ. ಕುಡೀತಿದ್ದಾಗ ಅವಳ ಪಕ್ಕ ಹತ್ತು ನಿಮಿಷ ಕೂತವನಲ್ಲ ನಾನು. ಸೂಜಿ ನೆಪದಲ್ಲಿ ಅವಳು ಅರ್ಧ ಗಂಟೆ ಕೂತು ಮಾತಾಡೋಳು. ಕೈ ಸರಿಹೋಯ್ತು ಅಂದ್ರೆ ಬರೋದು ನಿಲ್ಲಿಸ್ತಾಳೆ ಅನ್ನಿಸ್ತು."

ನಾದಿನಿ ರಿಪೋರ್ಟನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು.

"ಯಾಕೆ, ಏನಾಯ್ತು?"

"ಏನಿಲ್ಲ ಭಾವ."

"ಹೇಳು."

"ಕೊನೇ ದಿನ ಅಕ್ಕ ನನ್ನ ಕೈ ಹಿಡ್ಕೊಂಡು ಅತ್ಲು. 'ಅವರು ಕದ್ದು ಕುಡೀತಿದಾರೆ ಕಣೇ, ಇಲ್ದಿದ್ರೆ ಕೈ ಯಾಕೆ ಇನ್ನೂ ನಡುಗುತ್ತೆ' ಅಂದ್ಲು. ಅದಕ್ಕೇ ನಿಮ್ಮನ್ನ ಇವತ್ತು ಇಲ್ಲಿಗೆ ಎಳ್ಕೊಂಡು ಬಂದೆ."

ಅವನು ಕೊರಳಿನ ಅಳತೆಪಟ್ಟಿಯನ್ನು ತೆಗೆದು ಸುರುಳಿ ಸುತ್ತತೊಡಗಿದ.

"ನನ್ನನ್ನ ಒಂದು ಮಾತು ಕೇಳಬಹುದಿತ್ತು ಅವಳು."

"ಕೇಳಿದ್ರೆ ಎಲ್ಲಿ ಸುಳ್ಳು ಹೇಳ್ತೀರೋ ಅಂತ ಹೆದರಿಕೆ ಅವಳಿಗೆ."

"ಅದನ್ನ ಇಲ್ಲಿ ಕೊಡು."

ರಿಪೋರ್ಟಿಗಾಗಿ ಅವನು ಚಾಚಿದ ಕೈ ಒಂದಿಷ್ಟೂ ಅಲುಗಲಿಲ್ಲ. ಅದನ್ನು ಜೇಬಿಗೆ ಹಾಕಿಕೊಂಡು, ನಾದಿನಿಗಿಂತ ಮುಂದಾಗಿ ಹೊರಗೆ ನಡೆದುಬಿಟ್ಟ.